ಹತ್ತಿಂಚಿನ ಚಕ್ರದ ಕಷ್ಟಸುಖ

ಬಸವೇಶ್ವರನಗರದ ಹಳೆಯ ಮನೆಗಳ ಕಾಂಪೌಂಡ್ ಗೋಡೆ ಎದೆಮಟ್ಟದ್ದು. ಕಳ್ಳನನ್ನು ತಡೆಯಲು ಅದು ಸಾಲದು. ಮೊಣಕೈ ಊರಿ ಹರಟಲು ಮಾತ್ರ ಅದಕ್ಕಿಂತ ಹದವಾದ ಎತ್ತರ ಇನ್ನೊಂದಿಲ್ಲ. ಗೋಡೆಯ ಆಚೆ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿ ನಿವೃತ್ತರಾದ ಮೇಷ್ಟ್ರು, ಈಚೆ ನಾನು. ಬೇಸಿಗೆಯಲ್ಲಿ ಕಾವೇರಿ ನೀರು, ಚುನಾವಣೆ ಬಂದಾಗ ಚುನಾವಣೆ. ಉಳಿದ ದಿನಗಳಲ್ಲಿ ನಮ್ಮ ಮಾತೆಲ್ಲ ರಸ್ತೆಯದೇ.

ನಾನು ಕೆಲಸಕ್ಕೆ ಕೆಂಗೇರಿಗೆ ಸ್ಕೂಟರಿನಲ್ಲಿ ಹೋಗಿ ಬರುವವನು. "ಗಾಡಿ ಎಂಬತ್ತು ಹೋಗುತ್ತೆ ಮೇಷ್ಟ್ರೇ, ರಸ್ತೆ ಬಿಡಲ್ಲ" ಅಂದೆ. ಅಷ್ಟು ಸಾಕಾಯಿತು. ಅವರ ಕೈಯಲ್ಲಿ ಸೀಮೆಸುಣ್ಣವೊಂದು ಇರಲಿಲ್ಲ, ಅಷ್ಟೇ.

"ರಸ್ತೆ ಏನ್ ಮಾಡುತ್ತೆ ಪಾಪ! ನೀವೂ ಗಾಡಿನೂ ಸೇರಿ ನೂರೆಂಬತ್ತು ಕೆ.ಜಿ. ಅಂತಿಟ್ಕೊಳ್ಳಿ. ಒಳ್ಳೆ ಡಾಂಬರಿನ ಮೇಲೆ ಟಯರು ಉರುಳೋಕೆ ಬೇಕಾದ ಬಲ ಆ ತೂಕದ ನೂರಕ್ಕೆ ಒಂದೂವರೆ ಪಾಲು. ಹೆಚ್ಚು ಅಂದ್ರೆ ಮೂರು ಕೆ.ಜಿ. ಸಾಮಾನು ಎತ್ತೋಷ್ಟು. ನಲವತ್ತರಲ್ಲಿ ಹೋಗ್ತಿದ್ರೆ ಎದುರು ಗಾಳಿನೇ ಅದಕ್ಕಿಂತ ಜಾಸ್ತಿ ತಡೆಯುತ್ತೆ. ಜಲ್ಲಿ ರಸ್ತೆ ಆದ್ರೆ ಆ ಮೂರು ಆರಾಗಬಹುದು. ನಿಮ್ಮ ಎಂಜಿನ್‌ಗೆ ಅದೊಂದು ಲೆಕ್ಕಾನಾ? ಸ್ಪೀಡು ಇಳಿಸೋದು ನಿಮ್ಮ ಬಲಗೈ. ಗುಂಡಿ ಕಂಡ್ರೆ ಆಕ್ಸಿಲರೇಟರ್ ಬಿಡೋದು ಅದೇ ತಾನೆ?"

ಲೆಕ್ಕ ಸರಿ. ಆದರೆ ಬಲಗೈ ಸುಮ್ಮಸುಮ್ಮನೆ ಹೆದರುವುದಿಲ್ಲವಲ್ಲ! ಸ್ಕೂಟರ್ ಎಂಬುದೇ ನುಣುಪು ರಸ್ತೆಯನ್ನು ನಂಬಿ ಹುಟ್ಟಿದ ವಾಹನ. ಮೇಷ್ಟ್ರು ಇನ್ನೂ ಮಾರದೆ ಇಟ್ಟುಕೊಂಡಿರುವ ಬಜಾಜ್ ಚೇತಕ್‌ನದು 10 ಇಂಚಿನ ರಿಮ್ಮು. ನನ್ನ ಆಕ್ಟಿವಾದ ಹಿಂದಿನ ಚಕ್ರದ್ದೂ ಅಷ್ಟೇ. ಟಯರು ಸೇರಿಸಿ ಅಳೆದರೂ ಅಡ್ಡಳತೆ 43 ಸೆಂ.ಮೀ. ಆಸುಪಾಸು. ಬಿಎಂಟಿಸಿ ಬಸ್ಸಿನ ಚಕ್ರ ಸುಮಾರು ಒಂದು ಮೀಟರಿನದು. ಬಸ್ಸು ದಾಟಿದ್ದೇ ಗೊತ್ತಾಗದಂತೆ ದಾಟುವ ಗುಂಡಿಯಲ್ಲಿ ಸ್ಕೂಟರಿನ ಚಕ್ರ ತಳದವರೆಗೆ ಇಳಿದು, ಆಚೆಯ ಅಂಚಿಗೆ ಎದೆಗೊಟ್ಟು ಹತ್ತಬೇಕು. 18 ಇಂಚಿನ ಸ್ಪ್ಲೆಂಡರ್‌ನವನು ಅದೇ ಗುಂಡಿಯಲ್ಲಿ ಮಾತು ನಿಲ್ಲಿಸದೆ ಹೋಗುತ್ತಾನೆ. ಕಂಪನಿಗಳಿಗೂ ಇದು ಗೊತ್ತು. 2013ರಲ್ಲಿ ಬಂದ ಟಿವಿಎಸ್ ಜುಪಿಟರ್ ಹಿಂದೆ ಮುಂದೆ ಎರಡೂ ಕಡೆ 12 ಇಂಚು ಇಟ್ಟಿತು. 2020ರ ಆಕ್ಟಿವಾ 6ಜಿಯಲ್ಲಿ ಮುಂದಿನದು 12 ಆಯಿತು. ರಸ್ತೆ ಸರಿಹೋಗುವುದನ್ನು ಕಾಯುವುದಕ್ಕಿಂತ ಚಕ್ರ ದೊಡ್ಡದು ಮಾಡುವುದು ಬೇಗ ಆಗುವ ಕೆಲಸ.

"ಹಿಂದಿನದು ಹತ್ತೇ ಉಳೀತಲ್ಲ, ಅದರ ನೆತ್ತಿ ಮೇಲೆ ಕೂರೋರು ಯಾರು ಅಂತ ಕಂಪನಿಯವರು ಯೋಚನೆ ಮಾಡಿದ್ರಾ?" ಬಟ್ಟೆ ಒಣಹಾಕುತ್ತಿದ್ದ ಮೇಷ್ಟ್ರ ಮನೆಯ ಅಮ್ಮಾವ್ರು ಆ ಕಡೆಯಿಂದಲೇ ಕೇಳಿದರು. ಚೇತಕ್‌ನ ಹಿಂದಿನ ಸೀಟಿನಲ್ಲಿ ಅರ್ಧ ಆಯುಸ್ಸು ಕಳೆದವರ ಪ್ರಶ್ನೆಗೆ ಫಿಸಿಕ್ಸಿನಲ್ಲಿ ಉತ್ತರವಿರಲಿಲ್ಲ.

ಗುಂಡಿಯನ್ನಾದರೂ ಕಂಡು ತಪ್ಪಿಸಬಹುದು. ಗುಂಡಿ ಸುತ್ತ ಚೆಲ್ಲಿರುವ ಜಲ್ಲಿ ಅದಕ್ಕಿಂತ ಮೋಸ. ಡಾಂಬರಿಗೆ ನೀರೆಂದರೆ ಆಗದು. ಒಂದು ಸಣ್ಣ ಬಿರುಕು ಸಿಕ್ಕರೆ ಮಳೆನೀರು ಒಳಗಿಳಿಯುತ್ತದೆ. ಮೇಲೆ ಬಸ್ಸು ಲಾರಿ ಹಾಯ್ದಾಗಲೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕಿ ಡಾಂಬರನ್ನು ಜಲ್ಲಿಯಿಂದ ಬಿಡಿಸುತ್ತದೆ. ಬಿಟ್ಟ ಜಲ್ಲಿ ಮೇಲೆದ್ದು ಬರುತ್ತದೆ, ಬಂದ ಜಾಗ ಗುಂಡಿಯಾಗುತ್ತದೆ. ಎದ್ದ ಜಲ್ಲಿ ಮಾತ್ರ ಊರು ಬಿಟ್ಟು ಹೋಗದೆ ಅಲ್ಲೇ ತಿರುವಿನಲ್ಲಿ ಬಿದ್ದಿರುತ್ತದೆ. ಮೇಷ್ಟ್ರು ಇದಕ್ಕೂ ಲೆಕ್ಕ ಹೇಳಿದರು: ಒಣ ಡಾಂಬರಿನ ಮೇಲೆ 40ರಲ್ಲಿ ಹೋಗುತ್ತಾ ಗಟ್ಟಿಯಾಗಿ ಬ್ರೇಕ್ ಹಿಡಿದರೆ ಗಾಡಿ ಸುಮಾರು 9 ಮೀಟರಿಗೆ ನಿಲ್ಲಬೇಕು. ಹಿಡಿತ ಅರ್ಧವಾದರೆ 18. ಬ್ರೇಕ್ ಹಿಡಿಯಬೇಕೆಂದು ತಲೆಗೆ ಹೊಳೆಯುವ ಒಂದು ಸೆಕೆಂಡಿನಲ್ಲೇ 11 ಮೀಟರ್ ಖರ್ಚಾಗಿರುತ್ತದೆ, ಅದು ಬೇರೆ. ಒದ್ದೆಯಾದ ಮ್ಯಾನ್‌ಹೋಲ್ ಮುಚ್ಚಳ, ಬಣ್ಣ ಬಳಿದ ಜೀಬ್ರಾ ಪಟ್ಟೆ ಇವುಗಳ ಮೇಲೆ ಬ್ರೇಕ್ ಹಿಡಿಯುವವನಿಗೆ ಲೆಕ್ಕಕ್ಕಿಂತ ದೇವರೇ ಗತಿ.

"ಅದಕ್ಕೇ ವೈಟ್ ಟಾಪಿಂಗ್ ಮಾಡ್ತಿರೋದು" ಅಂದರು. ಹಳೆಯ ಡಾಂಬರಿನ ಮೇಲೆ ಒಂದು ಗೇಣಿನಷ್ಟು ಕಾಂಕ್ರೀಟು ಹಾಸುವುದು. ನೀರಿಗೆ ಜಗ್ಗದು, ಸಿಗ್ನಲ್ ಹತ್ತಿರ ಬಸ್ಸುಗಳು ನಿಂತೂ ನಿಂತೂ ಡಾಂಬರು ಅಲೆ ಏಳುವ ಹಾಗೆ ಏಳದು. ಒಪ್ಪಿದೆ. ಆದರೆ ಹಿಡಿತ ಸಿಗಲೆಂದು ಅದರ ಮೈಮೇಲೆ ಗೀರು ಎಳೆದಿರುತ್ತಾರೆ. ಆ ಗೀರು ಉದ್ದಕ್ಕಿದ್ದರೆ ಸಣ್ಣ ಚಕ್ರ ಅದನ್ನೇ ಹಿಡಿದು ಹ್ಯಾಂಡಲನ್ನು ಅತ್ತಿತ್ತ ತಿರುವಲು ನೋಡುತ್ತದೆ. ಕಾಂಕ್ರೀಟು ಮುಗಿದು ಡಾಂಬರು ಶುರುವಾಗುವಲ್ಲಿ ಮೆಟ್ಟಿಲೊಂದು ಇದ್ದರೆ ಮುಗಿಯಿತು, ಟಿಫನ್ ಡಬ್ಬಿಯೊಳಗೆ ಚಿತ್ರಾನ್ನ ಮೊಸರನ್ನ ಎರಡೂ ಒಂದಾಗಿರುತ್ತವೆ.

ರಸ್ತೆಯನ್ನು ಬೈದು ಬೈದು ನಮ್ಮ ಬಾಯಿ ನೋಯುವಾಗ, ಬಾಯಿಯನ್ನೇ ತೆರೆಯದೆ ಬೈದವರೊಬ್ಬರಿದ್ದಾರೆ. ಕಲಾವಿದ ಬಾದಲ್ ನಂಜುಂಡಸ್ವಾಮಿ. 2019ರ ಸೆಪ್ಟೆಂಬರ್, ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಇನ್ನೇನು ಚಂದ್ರನ ಮೇಲೆ ಇಳಿಯಬೇಕು. ನಮ್ಮ ಮಾಗಡಿ ರಸ್ತೆ ಕಡೆಯ ಹೇರೋಹಳ್ಳಿಯಲ್ಲಿ ಗಗನಯಾತ್ರಿಯ ಪೋಷಾಕು ತೊಟ್ಟು ರಾತ್ರಿ ಹೊತ್ತು ರಸ್ತೆಯಲ್ಲಿ ತೇಲುನಡಿಗೆ ನಡೆದರು. ನೋಡಿದವರು ಚಂದ್ರನ ಕುಳಿಗಳೇ ಎಂದುಕೊಂಡರು. ಪಕ್ಕದಲ್ಲಿ ಆಟೊ ಹಾಯ್ದ ಮೇಲೇ ಅದು ಭೂಲೋಕವೆಂದು ತಿಳಿದದ್ದು. ವಿಡಿಯೊ ದೇಶವೆಲ್ಲ ಸುತ್ತಿ ಬಂತು, ರಸ್ತೆಗೆ ರಿಪೇರಿಯೂ ಬಂತು. ವಿಕ್ರಮ್‌ಗಿಂತ ಹೇರೋಹಳ್ಳಿಯೇ ಮೊದಲು ಸಾಫ್ಟ್ ಲ್ಯಾಂಡಿಂಗ್ ಕಂಡಿತೆಂದು ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ.

"ಇನ್ನು ನಿಮ್ಮ ಕೆಂಗೇರಿ ಆಚೆ ಹೋದ್ರೆ ಒಳ್ಳೆ ರಸ್ತೆ ಇದೆಯಲ್ಲ?"

ಇದೆ, ಆದರೆ ನನಗಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಕೆಂಗೇರಿ ದಾಟಿದ ಕೂಡಲೇ ಶುರು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಸ್ಕೂಟರು, ಆಟೊ ಯಾವುದೂ ಹತ್ತುವಂತಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ನೂರರಲ್ಲಿ ಓಡುವ ಕಾರುಗಳ ನಡುವೆ ಸ್ಕೂಟರು ಕ್ಷೇಮವಲ್ಲ, ನಿಜ. ಆದರೂ ಸಣ್ಣ ಚಕ್ರಕ್ಕೇ ನುಣುಪು ಹೆಚ್ಚು ಬೇಕು. ಸಿಗುವುದು ಮಾತ್ರ ದೊಡ್ಡ ಚಕ್ರಕ್ಕೆ.

"ನಿಮಗೆ ಎಕ್ಸ್‌ಪ್ರೆಸ್‌ವೇ ಯಾಕೆ ಬೇಕು?" ಮೇಷ್ಟ್ರು ಗೋಡೆಯ ಮೇಲೆ ಬೆರಳಲ್ಲೇ ಬರೆದರು. "ಒಂದು ಕಿ.ಮೀ. ನುಣ್ಣಗಿದೆ, ನಲವತ್ತರಲ್ಲಿ ಹೋದ್ರಿ. ಇನ್ನೊಂದು ಕಿ.ಮೀ. ಹಾಳಾಗಿದೆ, ಹತ್ತರಲ್ಲಿ ಹೋದ್ರಿ. ಸರಾಸರಿ ಎಷ್ಟು?"

"ಇಪ್ಪತ್ತೈದು."

"ನನ್ನ ಹುಡುಗರೂ ಹಾಗೇ ಹೇಳ್ತಿದ್ರು. ಮೊದಲನೇದಕ್ಕೆ ಒಂದೂವರೆ ನಿಮಿಷ, ಎರಡನೇದಕ್ಕೆ ಆರು. ಎರಡು ಕಿ.ಮೀ.ಗೆ ಏಳೂವರೆ ನಿಮಿಷ. ಅಂದ್ರೆ ಗಂಟೆಗೆ ಹದಿನಾರು! ನುಣ್ಣಗಿರೋ ಕಡೆ ನೀವು ಅರವತ್ತರಲ್ಲಿ ಹಾರಿದ್ರೂ ಉಳಿಯೋದು ಅರ್ಧ ನಿಮಿಷ. ಹಾಳಾಗಿರೋ ಕಡೆ ಹತ್ತು ಇಪ್ಪತ್ತಾದ್ರೆ ಮೂರು ನಿಮಿಷ ಉಳಿಯುತ್ತೆ."

ಇದು ನಾಟಿತು. ನಾಗರಭಾವಿ ಸರ್ಕಲ್‌ನಿಂದ ಮೈಸೂರು ರಸ್ತೆ ತನಕ ನಮ್ಮನ್ನು ಸುಸ್ತು ಮಾಡುವುದು ಇದೇ. ನೂರು ಮೀಟರ್ ಬೆಣ್ಣೆ, ಆಮೇಲೆ ಪೈಪಿಗೆ ಅಗೆದು ಮುಚ್ಚಿದ ತೇಪೆ, ಮತ್ತೆ ಬೆಣ್ಣೆ. ಪೂರ್ತಿ ಕೆಟ್ಟ ರಸ್ತೆಯಲ್ಲಿ ಯಾರೂ ಜೋರಾಗಿ ಹೋಗುವುದಿಲ್ಲ, ಬೀಳುವುದೂ ಕಡಿಮೆ. ನಂಬಿಸಿ ಕೈಕೊಡುವ ರಸ್ತೆಯಲ್ಲೇ ಬೀಳುವುದು. ಅಲ್ಲಲ್ಲಿ ಅತ್ಯುತ್ತಮ ಬೇಡ, ಉದ್ದಕ್ಕೂ ಸುಮಾರಾಗಿದ್ದರೆ ಸಾಕು. ಟಾಮ್‌ಟಾಮ್‌ನವರ 2023ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ.ಗೆ ಸರಾಸರಿ 28 ನಿಮಿಷ, ಅಂದರೆ ಗಂಟೆಗೆ 21ರ ವೇಗ. ಎಂಬತ್ತರ ಮೀಟರು ಇಟ್ಟುಕೊಂಡು ನಾವು ಬೇಡುತ್ತಿರುವುದು ನೆಟ್ಟಗೆ ಒಂದು ಇಪ್ಪತ್ತೈದು.

"ಹಾಗೆ ನೋಡಿದ್ರೆ ನಮ್ಮ ಕ್ರಾಸೇ ಮಾದರಿ" ಅಂದೆ. ಹೋದ ತಿಂಗಳು ಡಾಂಬರು ಬಿದ್ದಿದೆ. ಈ ತುದಿಯಿಂದ ಆ ತುದಿಗೆ ಒಂದೇ ಸಮ.

ಅಮ್ಮಾವ್ರು ಖಾಲಿ ಬಕೆಟ್ಟಿನೊಂದಿಗೆ ಬಂದು ನಿಂತರು. "ಅದಕ್ಕೇ ಈಗ ಎಲ್ಲರೂ ಇಲ್ಲೇ ನುಗ್ಗೋದು. ಮಕ್ಕಳು ಆಚೆ ಬರೋ ಹಾಗಿಲ್ಲ. ಹಂಪ್ಸು ಹಾಕಿ ಅಂತ ಅರ್ಜಿ ಬರೆಸಿದ್ದೀವಿ, ನೀವೂ ಒಂದು ಸೈನ್ ಹಾಕಿ."

ಮೇಷ್ಟ್ರು ಅರ್ಜಿ ತರಿಸಿಕೊಂಡು ಓದಿ, ಪೆನ್ನಿನಲ್ಲಿ ಸೇರಿಸಿದರು: ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಹಾಗಿದ್ದರೆ 25ರ ವೇಗದಲ್ಲಿ ಆರಾಮಾಗಿ ದಾಟಬಹುದಂತೆ. "ಬರೋದು ದಿಂಬಿನಷ್ಟು ಅಗಲ, ಮಂಡಿಯಷ್ಟು ಎತ್ತರ ಮೇಷ್ಟ್ರೇ" ಅಂದೆ. "ಬರೆಯೋದು ಬರೆಯೋಣ" ಅಂದರು.

ಸಹಿ ಹಾಕಿದೆ. ಗುಂಡಿಗಾದರೆ ಅರ್ಜಿಯ ಅಗತ್ಯವಿಲ್ಲ.