ಕುಂತಲ್ಲೇ ಪರದೇಶ: ಕಟ್ಟೆ ಬಿಟ್ಟೇಳದೆ ಹೊಸ ದೇಶಗಳಲ್ಲಿ ನೆಲೆ ನಿಂತ ಕಮಠಾಣದ ಕುಟುಂಬವೊಂದರ ಕುರಿತು ಸಂಶೋಧನ ಪ್ರಬಂಧ

ಹೊಸ ದೇಶಕ್ಕೆ ಹೋಗಿ ನೆಲೆ ನಿಲ್ಲುವ ಕುಟುಂಬಗಳ ಬಗ್ಗೆ ಲೋಕದಲ್ಲಿ ಬೇಕಾದಷ್ಟು ಶಾಸ್ತ್ರ ಬೆಳೆದಿದೆ. ಆ ಶಾಸ್ತ್ರಕಾರರೆಲ್ಲ ಒಂದು ಮಾತನ್ನು ಮಾತ್ರ ವಿಚಾರಿಸದೆ ಒಪ್ಪಿಬಿಟ್ಟಿದ್ದಾರೆ: ಹೋಗುವುದು ಕುಟುಂಬ, ಇದ್ದಲ್ಲೇ ಇರುವುದು ದೇಶ. ಪ್ರಸ್ತುತ ಪ್ರಬಂಧವು ಈ ಮತವನ್ನು ಖಂಡಿಸುತ್ತದೆ. ಬೀದರ್ ತಾಲೂಕಿನ ಕಮಠಾಣದ ಒಂದು ಕುಟುಂಬವನ್ನು (ಅದು ನಮ್ಮದೇ; ಪಕ್ಷಪಾತದ ಆರೋಪವನ್ನು ಮೊದಲೇ ಒಪ್ಪಿಕೊಂಡಿದ್ದೇನೆ) ಕೂಲಂಕಷವಾಗಿ ಪರಿಶೀಲಿಸಲಾಗಿ, ಕುಟುಂಬವು ಕಟ್ಟೆಯ ಮೇಲೆ ಕುಂತೇ ಇದ್ದು, ದೇಶಗಳೇ ಒಂದಾದ ಮೇಲೊಂದು ಅದರ ಮನೆ ಮುಂದೆ ಬಂದು ನಿಂತವೆಂದು ಕಂಡುಬರುತ್ತದೆ.

ಈ ಅಧ್ಯಯನಕ್ಕೆ ಮೂರು ಆಕರಗಳಿವೆ. ಮೊದಲನೆಯದು ನಮ್ಮ ಮುತ್ಯಾ, ಅಂದರೆ ಅಜ್ಜ. ಎರಡನೆಯದು ನಮ್ಮ ಆಯಿ, ಅಂದರೆ ಅಜ್ಜಿ. ಮೊದಲನೆಯ ಆಕರ ಹೇಳಿದ್ದನ್ನೆಲ್ಲ ಸುಳ್ಳೆಂದು ಸಾಧಿಸುವುದೇ ಈ ಆಕರದ ಉಪಯುಕ್ತತೆ. ಮೂರನೆಯದು ಅಟ್ಟದ ಮೇಲಿನ ತಗಡಿನ ಟ್ರಂಕು. ಅದರ ಕೀಲಿ ಕಳೆದಿದೆ. ಆದ್ದರಿಂದ ಅದರೊಳಗಿನ ಪುರಾವೆಗಳೆಲ್ಲ ನನ್ನ ವಾದಕ್ಕೆ ಅನುಕೂಲವಾಗಿಯೇ ಇವೆಯೆಂದು ಸದ್ಯಕ್ಕೆ ಭಾವಿಸತಕ್ಕದ್ದು.

ಸಂಪ್ರದಾಯದಂತೆ ಮೊದಲು ಸ್ಥಳನಾಮ ವಿಚಾರ. ಸಂಸ್ಕೃತದಲ್ಲಿ ಕಮಠವೆಂದರೆ ಆಮೆ. ಕಮಠಸ್ಥಾನವೇ ಕಮಠಾಣವಾಯಿತೆಂಬ ವ್ಯುತ್ಪತ್ತಿಯನ್ನು ನಾನೇ ನಿನ್ನೆ ರಾತ್ರಿ ಊಟವಾದ ಮೇಲೆ ಕಂಡುಹಿಡಿದೆ. ಬೇರೆ ಯಾವ ವಿದ್ವಾಂಸರನ್ನೂ ಇದಕ್ಕೆ ಹೊಣೆ ಮಾಡಬಾರದು. ಮನೆಯನ್ನು ಬೆನ್ನ ಮೇಲೆ ಹೊತ್ತ ಪ್ರಾಣಿಗೆ ವಲಸೆಯೆಂಬುದೇ ಇಲ್ಲ, ಅದು ಎಲ್ಲಿದ್ದರೂ ಮನೆಯಲ್ಲೇ ಇರುತ್ತದೆ. ಊರಿನಲ್ಲಿ ಪಾರ್ಶ್ವನಾಥನ ಬಸದಿಯಿದೆ. ಜೈನಪುರಾಣದ ಪ್ರಕಾರ ಜನ್ಮಜನ್ಮಾಂತರವೂ ಪಾರ್ಶ್ವನಾಥನ ಬೆನ್ನುಬಿದ್ದ ವೈರಿಯ ಹೆಸರೂ ಕಮಠನೇ. ದೇವರ ಊರಿಗೆ ಅವನ ವೈರಿಯ ಹೆಸರು ಬಂದದ್ದು ಹೇಗೆಂದು ಮುತ್ಯಾನನ್ನು ಕೇಳಿದೆ. “ಪಹಣಿ ಬರ್ದಾಂವ ಯಾರೋ, ಅವನ್ನ ಕೇಳು” ಎಂದು ಉತ್ತರ ಬಂತು.

ಇನ್ನು ‘ದೇಶ’ ಎಂದರೇನು? ತನ್ನದೇ ನಾಣ್ಯ, ತನ್ನದೇ ಅಂಚೆಚೀಟಿ, ತನ್ನದೇ ರೈಲು, ತನ್ನದೇ ಪಂಚಾಂಗ ಇದ್ದದ್ದು ದೇಶ. ನಿಜಾಮನ ಹೈದರಾಬಾದಿಗೆ ಈ ನಾಲ್ಕೂ ಇದ್ದವು. ಮುತ್ಯಾ ಹುಟ್ಟಿದ್ದು ಆ ದೇಶದಲ್ಲಿ, ಅದರ ಪಂಚಾಂಗದ ಫಸಲಿ 1345ರಲ್ಲಿ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಇಸವಿ ಸಿಗುತ್ತದೆ. ಆದರೆ ಆ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದುದರಿಂದ ಹೆಚ್ಚೋ ಕಡಿಮೆಯೋ ಎಂಬುದು ಹುಟ್ಟಿದ ತಿಂಗಳ ಮೇಲೆ ನಿಂತಿದೆ. ತಿಂಗಳ ಹೆಸರುಗಳು ಆಜರ್, ದೈ, ಬಹ್ಮನ್ ಎಂದು ಇರಾನಿನವು. ಮುತ್ಯಾನ ತಾಯಿಗೆ ನೆನಪಿದ್ದದ್ದು ‘ಜೋಳ ಕೊಯ್ಯಾಗ’ ಎಂದಷ್ಟೇ. ಈ ಮೂರು ಕಾಲಗಣನೆಗಳನ್ನು ಸಮನ್ವಯಗೊಳಿಸುವ ಕಷ್ಟ ಬೇಡವೆಂದು ಆಧಾರ್ ಕಾರ್ಡಿನವರು ಜನವರಿ 1 ಎಂದು ಬರೆದುಕೊಂಡು ಹೋದರು. ನಮ್ಮೂರಿನ ಮುದುಕರೆಲ್ಲ ಜನವರಿ 1ರಂದೇ ಹುಟ್ಟಿದ್ದಾರೆ. ಇದು ಜನಸಂಖ್ಯಾಶಾಸ್ತ್ರಜ್ಞರು ಗಮನಿಸಬೇಕಾದ ಸಂಗತಿ.

1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ನಿಜಾಮನ ರಾಜ್ಯದ ಒಳಗೆ ಬಂತು. 17ಕ್ಕೆ ನಿಜಾಮ ಶರಣಾದ. ಇಲ್ಲಿ ಪ್ರಬಂಧಕಾರ ತನ್ನ ಅಣಕನ್ನು ಒಂದು ಗಳಿಗೆ ಕೆಳಗಿಡಬೇಕು. ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾದಲ್ಲಿ ನಿಜಾಮನ ಕಡೆಯ ರಜಾಕಾರರು ನಡೆಸಿದ ಕೊಲೆಗಳು, ಸೆಪ್ಟೆಂಬರಿನ ನಂತರ ಮುಸಲ್ಮಾನರ ಮೇಲೆ ನಡೆದ ಕೊಲೆಗಳು, ಎರಡೂ ಈ ನೆಲದಲ್ಲೇ ಆದವು. ಸೆಪ್ಟೆಂಬರಿನ ನಂತರದ ಕೊಲೆಗಳನ್ನು ವಿಚಾರಿಸಿದ ಪಂಡಿತ ಸುಂದರ್‌ಲಾಲ್ ಸಮಿತಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಹೆಸರಿಸಿತು. ಆ ದಿನಗಳ ಬಗ್ಗೆ ಕೇಳಿದರೆ ಮುತ್ಯಾ ಕಟ್ಟೆಯಿಂದ ಎದ್ದು ಒಳಗೆ ಹೋಗುತ್ತಾನೆ. ಕಟ್ಟೆ ಬಿಟ್ಟು ಅವನೇಳುವುದು ಆ ಒಂದು ಪ್ರಶ್ನೆಗೆ ಮಾತ್ರ.

ಹೊಸ ದೇಶ ಬಂದ ಸುದ್ದಿ ಮನೆಗೆ ಮುಟ್ಟಿದ್ದು ಗಲ್ಲಾಪೆಟ್ಟಿಗೆಯ ಮೂಲಕ. ಮುತ್ಯಾನ ಅಪ್ಪನದು ಕಿರಾಣಿ ಅಂಗಡಿ. ನಿಜಾಮನ ರೂಪಾಯಿಗೆ ಹಾಲಿ ಸಿಕ್ಕಾ ಎಂದು ಹೆಸರು; ಅದರ ಮೇಲೆ ಚಾರ್‌ಮಿನಾರು. ಇಂಗ್ಲಿಷರ ರೂಪಾಯಿಗೆ ಕಲ್ದಾರ್ ಎನ್ನುತ್ತಿದ್ದರು. ಏಳು ಹಾಲಿಗೆ ಆರು ಕಲ್ದಾರ್ ಸಮ. ಅಂದರೆ ಒಂದು ಕಲ್ದಾರಿಗೆ ಒಂದು ಹಾಲಿ ರೂಪಾಯಿ, ಎರಡಾಣೆ, ಎಂಟು ಪೈ. 1950ರಿಂದ ಎರಡು ರೂಪಾಯಿಗಳೂ ಒಂದೇ ಪೆಟ್ಟಿಗೆಯಲ್ಲಿ ಸವತಿಯರಂತೆ ಸಂಸಾರ ಮಾಡತೊಡಗಿದವು. ಇಷ್ಟಾದರೂ ತಡೆದುಕೊಳ್ಳಬಹುದಿತ್ತು. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಆಣೆಗೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಯಾವ ಟಂಕಸಾಲೆಯಲ್ಲೂ ಇಲ್ಲ. ಸರ್ಕಾರದ ಪಟ್ಟಿ ಹೀಗಿತ್ತು: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25.

ಇಪ್ಪತ್ತೊಂದು ವರ್ಷದ ಮುತ್ಯಾ ಈ ಪಟ್ಟಿಯನ್ನು ನೋಡಿದ ಕೂಡಲೇ ಒಂದು ಅರ್ಥಶಾಸ್ತ್ರೀಯ ಸಿದ್ಧಾಂತಕ್ಕೆ ಬಂದ. ನಾಲ್ಕಾಣೆಯ ಬೆಲ್ಲ ಒಂದೇ ಸಲಕ್ಕೆ ಕೊಂಡರೆ 25. ಒಂದೊಂದಾಣೆಯಂತೆ ನಾಲ್ಕು ಸಲ ಕೊಂಡರೆ 24. ಹಾಗಾದರೆ ಬೇರೆ ಅಂಗಡಿಗಳಲ್ಲಿ ನಾಲ್ಕು ಸಲ ಕೊಂಡು, ನಮ್ಮಂಗಡಿಯಲ್ಲಿ ಒಂದೇ ಸಲಕ್ಕೆ ಮಾರಬೇಕು. ಸಿದ್ಧಾಂತ ನಿರ್ದುಷ್ಟವಾಗಿತ್ತು. ಆದರೆ ಗಿರಾಕಿಗಳೂ ಅದೇ ಪಟ್ಟಿ ನೋಡಿದ್ದರು. ಬೆಳಿಗ್ಗೆಯಿಂದ ಸಂಜೆತನಕ ಒಂದೇ ಹೆಣ್ಣುಮಗಳು ನಾಲ್ಕು ಸಲ ಬಂದು ಒಂದೊಂದಾಣೆಯ ಬೆಲ್ಲ ಒಯ್ದಳು. “ನಾನs ಅಕಿ” ಎಂದು ಆಯಿ ಒಳಗಿನಿಂದ ಹೇಳಿದಳು. “ಸ್ವಂತ ಅಂಗಡ್ಯಾಗ ರೊಕ್ಕ ಕೊಟ್ಟು ಯಾರ್ ಒಯ್ತಾರ?” ಎಂದು ಮುತ್ಯಾ ತಳ್ಳಿಹಾಕಿದ. ಆಕರಗಳ ನಡುವಿನ ಈ ವಿರೋಧವನ್ನು ಪರಿಹರಿಸಲು ನನ್ನಿಂದ ಆಗಿಲ್ಲ.

ಕನ್ನಡದಲ್ಲಿ ಹಾಲಿ ಎಂದರೆ ಸದ್ಯ ಕುರ್ಚಿಯಲ್ಲಿ ಇರುವವನು, ಇಳಿದವನು ಮಾಜಿ. ಹಾಲಿ ಸಿಕ್ಕಾ 1959ರಲ್ಲಿ ಮಾಜಿಯಾಯಿತು. ಅದರಲ್ಲಿ ಕೆಲವು ಬೆಳ್ಳಿಯವು ಆಯಿಯ ಕೊರಳ ಸರಕ್ಕೆ ಬಡ್ತಿ ಹೊಂದಿ ಈಗಲೂ ಅಧಿಕಾರದಲ್ಲಿವೆ. ಸೇರು ಹೋಗಿ ಕಿಲೋ ಬಂದದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅಂಗಡಿಯ ಹಳೆಯ ಕಲ್ಲುಗಳು ಬಾಗಿಲು ಗಾಳಿಗೆ ಬಡಿಯದಂತೆ ಇಡಲು ಬಂದವು, ಅಷ್ಟು ಸಾಕು.

ಪ್ರಬಂಧದ ಹೃದಯಭಾಗ ಬೀಗಸ್ತನ. ಆಯಿಯ ತವರು ನ್ಯಾಲ್ಕಲ್. 1955ರಲ್ಲಿ ಮದುವೆಯಾದಾಗ ಅದು ಬೀದರ್ ತಾಲೂಕಿನದೇ ಒಂದು ವಲಯ. ಚಕ್ಕಡಿಯಲ್ಲಿ ಬಂದ ಮದುವಣಗಿತ್ತಿ ತಾಲೂಕಿನ ಗಡಿಯನ್ನೂ ದಾಟಿರಲಿಲ್ಲ. ಮರುವರ್ಷ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದಾಗ ನ್ಯಾಲ್ಕಲ್, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಉದಗೀರ, ನಿಲಂಗಾ, ಅಹ್ಮದಪುರ ಮುಂಬಯಿ ರಾಜ್ಯಕ್ಕೆ. ಬೀದರ್, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ. ಆಯಿ ರಾತ್ರಿ ಮಲಗಿದಾಗ ಪಕ್ಕದೂರಿನ ಸೊಸೆ, ಬೆಳಿಗ್ಗೆ ಎದ್ದಾಗ ಹೊರರಾಜ್ಯದ ಸೊಸೆ. ಮುತ್ಯಾನ ಅಕ್ಕನನ್ನು ಕೊಟ್ಟದ್ದು ಉದಗೀರಕ್ಕೆ. ಆಕೆ ಒಲೆಯ ಮುಂದಿನಿಂದ ಏಳದೆಯೇ ಹೈದರಾಬಾದಿನಿಂದ ಮುಂಬಯಿಗೂ, 1960ರ ಮೇ 1ಕ್ಕೆ ಮಹಾರಾಷ್ಟ್ರಕ್ಕೂ ಹೋದಳು. ಆಯಿಯ ತವರು ಮತ್ತೊಂದು ಸಲ, 2014ರ ಜೂನ್ 2ಕ್ಕೆ, ತೆಲಂಗಾಣಕ್ಕೆ ವಲಸೆ ಹೋಯಿತು. ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂಡುತ್ತಿದ್ದ ಮೂರು ಮನೆಗಳು ಮೂರು ವಿಧಾನಸಭೆಗಳಿಗೆ ವೋಟು ಹಾಕತೊಡಗಿದವು. ಮುತ್ಯಾನ ರಾಜ್ಯಕ್ಕೂ ಸುಮ್ಮನಿರಲಾಗಲಿಲ್ಲ. ಮೈಸೂರು ಹೋಗಿ 1973ರಲ್ಲಿ ಕರ್ನಾಟಕವಾಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು.

ಯುರೋಪಿನ ವಿದ್ವಾಂಸರು ಇಲ್ಲಿ ಆಲ್ಸೇಸಿನ ಉದಾಹರಣೆ ಎತ್ತಿ ನಮ್ಮ ಹೆಗ್ಗಳಿಕೆಯನ್ನು ತಗ್ಗಿಸಲು ನೋಡಬಹುದು. 1871ರಿಂದ 1945ರೊಳಗೆ ಅದು ಫ್ರಾನ್ಸು ಜರ್ಮನಿಗಳ ನಡುವೆ ನಾಲ್ಕು ಸಲ ಕೈ ಬದಲಾಯಿಸಿದ್ದು ನಿಜ. ಆದರೆ ಅಲ್ಲಿದ್ದದ್ದು ಎರಡೇ ದೇಶ. ಹಳೆಯ ನಾಣ್ಯ ಟ್ರಂಕಿನಲ್ಲಿಟ್ಟರೆ ಮತ್ತೆ ಚಲಾವಣೆಗೆ ಬರುವ ಆಸೆಯಾದರೂ ಇತ್ತು. ನಮಗೆ ಆ ಸೌಲಭ್ಯವಿಲ್ಲ.

ಗಡಿಯ ಪ್ರಾಮಾಣ್ಯವನ್ನು ಅಳೆಯಲು ನಾನು ಬಳಸಿದ ಉಪಕರಣ ಭಜ್ಜಿ. ಬೆಂಗಳೂರಿನ ಓದುಗರು ಎಣ್ಣೆಯಲ್ಲಿ ಕರಿದದ್ದನ್ನು ನೆನೆಯಬಾರದು. ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆಗೆ, ನಮ್ಮಲ್ಲಿ ಸಿಕ್ಕ ಸೊಪ್ಪು, ಕಾಯಿಪಲ್ಯೆ, ಹಸಿಕಾಳುಗಳನ್ನೆಲ್ಲ ಕಡ್ಲಿಹಿಟ್ಟು ಹಚ್ಚಿ ದೊಡ್ಡ ಗಡಿಗೆಯಲ್ಲಿ ಕುದಿಸುವ ಪದಾರ್ಥವದು. ಅದರ ಜತೆ ಸಜ್ಜಿ ರೊಟ್ಟಿ, ಕಡುಬು, ಮಣ್ಣಿನ ಗಡಿಗೆಯ ಹುಳಿ ಅಂಬಲಿ. ಹೊಲದಲ್ಲಿ ಜೋಳದ ದಂಟಿನ ಗೂಡು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ ಉಣ್ಣಬೇಕು. 1956ರಲ್ಲಿ ಗಡಿ ಕೊರೆದವರು ಈ ಗಡಿಗೆಯನ್ನು ನೋಡಿಕೊಂಡಿರಲಿಲ್ಲ. ಉದಗೀರ, ಲಾತೂರುಗಳಲ್ಲಿ ಇಂದಿಗೂ ಅದೇ ಅಮಾವಾಸ್ಯೆಯ ದಿನ ಊರುಗಳು ಖಾಲಿಯಾಗಿ ಹೊಲಗಳು ತುಂಬುತ್ತವೆ. ಅದೇ ಭಜ್ಜಿ, ಅದೇ ಅಂಬಲಿ. ಹೆಸರು ಮಾತ್ರ ವೇಳ ಅಮಾವಾಸ್ಯಾ, ಬಾಯಿಮಾತಿನಲ್ಲಿ ಯೇಳವಸ. ಮರಾಠಿಯಲ್ಲಿ ಎಳ್ಳಿಗೆ ತೀಳ್ ಎನ್ನುತ್ತಾರಲ್ಲ, ಈ ‘ಯೇಳ’ ಎಲ್ಲಿಂದ ಬಂತೆಂದು ಕೇಳಿದರೆ ಅಲ್ಲಿನ ಬೀಗರು ಇನ್ನೊಂದು ಸೌಟು ಬಡಿಸುತ್ತಾರೆ. ಬಾಯಿ ತುಂಬಿದವನು ವಾದ ಮಾಡಲಾರನೆಂಬುದು ಅವರಿಗೆ ಗೊತ್ತು.

ಭಾಷೆಯ ವಿಚಾರಕ್ಕೆ ಬಂದರೆ, ನಿಜಾಮನ ಕಾಲದಲ್ಲಿ ದಫ್ತರವೂ ಶಾಲೆಯೂ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಬೋರ್ಡು ತೂಗಿಸಿ ಒಳಗೆ ಕನ್ನಡ ಕಲಿಸಿದ್ದು ಇಲ್ಲಿ ಮನೆಮನೆಯ ಮಾತು. ಮುತ್ಯಾ ಓದಿದ ಶಾಲೆಯಲ್ಲಿ ಹೊರಗೂ ಉರ್ದು, ಒಳಗೂ ಉರ್ದು. ಕನ್ನಡವಿದ್ದದ್ದು ಹೊಡೆತ ತಿಂದಾಗ ಅಳುವುದಕ್ಕೆ. ಹೀಗಾಗಿ ಅವನ ಮಾತು ಕನ್ನಡ, ಸಹಿ ಉರ್ದು. ಕನ್ನಡ ರಾಜ್ಯ ಬಂದು ಎಷ್ಟೋ ದಶಕಗಳಾದ ಮೇಲೆ ಒಂದು ಬ್ಯಾಂಕಿನಲ್ಲಿ ದಕ್ಷಿಣದಿಂದ ಬಂದ ಕ್ಲಾರ್ಕೊಬ್ಬ ಅದನ್ನು ಬಲಗಡೆಯಿಂದ ಓದಬೇಕೆಂದು ತಿಳಿಯದೆ, ಚೀಟಿಯನ್ನು ತಲೆಕೆಳಗು ಮಾಡಿ ನೋಡಿ, ಕೊನೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ. ಓದು ಬಲ್ಲವನನ್ನು ದೇಶವೊಂದು ನಿರಕ್ಷರಿ ಮಾಡುವ ವಿಧಾನ ಇದು.

ಈಗ ಪೂರ್ವಪಕ್ಷ. ಕಾಲಿನಿಂದ ನಡೆದು ಬಂದವರೇ ನಿಜವಾದ ವಲಸೆಗಾರರೆಂದು ಕೆಲವರು ವಾದಿಸಬಹುದು. ಅದಕ್ಕೂ ಬೀದರವೇ ಸಾಕು. ಇರಾನಿನ ಕಿರ್ಮಾನದ ಸೂಫಿ ಶಾ ನಿಯಾಮತುಲ್ಲಾನನ್ನು ಬಹಮನಿ ಸುಲ್ತಾನ ಅಹ್ಮದ್ ಶಾ ಕರೆಸಿದ. ಆತ ತಾನು ಬಾರದೆ ಮೊಮ್ಮಗನನ್ನು ಕಳಿಸಿದ. 1431ರಲ್ಲಿ ನಿಯಾಮತುಲ್ಲಾ ತೀರಿದ ಮೇಲೆ ಅವನ ಮಗ ಖಲೀಲುಲ್ಲಾ ಇತ್ತ ಬಂದ. ಮೊಮ್ಮಗನಿಗೆ ಸುಲ್ತಾನನ ಮಗಳನ್ನೇ ಕೊಟ್ಟು ಮದುವೆಯಾಯಿತು. ಖಲೀಲುಲ್ಲಾನ ಚೌಖಂಡಿ ಅಷ್ಟೂರಿನ ದಾರಿಯಲ್ಲಿ ಇಂದಿಗೂ ನಿಂತಿದೆ. ಬಾಡಿಗೆ ಮನೆ ಹುಡುಕದ, ಗ್ಯಾಸಿಗೆ ಅರ್ಜಿ ಹಾಕದ ಇಂಥ ವಲಸೆಯನ್ನು ಶಾಸ್ತ್ರದಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಗಿಲಾನಿನಿಂದ ವ್ಯಾಪಾರಕ್ಕೆ ಬಂದ ಮಹಮೂದ್ ಗವಾನನ ಕತೆ ಬೇರೆ. ಮಂತ್ರಿಯಾದ, 1472ರಲ್ಲಿ ಮದರಸಾ ಕಟ್ಟಿಸಿದ. ಕೊನೆಗೆ ಅವನ ಮುದ್ರೆ ಬಿದ್ದಿದ್ದ ಖಾಲಿ ಕಾಗದದ ಮೇಲೆ ಯಾರೋ ದ್ರೋಹದ ಪತ್ರ ಬರೆದು ತೋರಿಸಿದರೆಂದೂ, ಅದನ್ನು ನಂಬಿದ ಸುಲ್ತಾನ 1481ರಲ್ಲಿ ಅವನನ್ನು ಕೊಲ್ಲಿಸಿದನೆಂದೂ ಚರಿತ್ರೆಕಾರರು ಹೇಳುತ್ತಾರೆ. ಮುತ್ಯಾ ಇವತ್ತಿಗೂ ಬರೆಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವುದಿಲ್ಲ.

ದೇಶ ಬಿಟ್ಟು ಹೋದವನೊಬ್ಬ ನಮ್ಮ ಮನೆಯಲ್ಲೂ ಇದ್ದಾನೆ: ನನ್ನ ತಮ್ಮ ಅಮೆರಿಕದ ಡಲ್ಲಾಸಿನಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದಾನೆ. ಮೊದಲ ವರ್ಷ ಪ್ರತಿ ರವಿವಾರ ಫೋನು ಮಾಡಿ ಗೋಳು ಹೇಳಿಕೊಳ್ಳುತ್ತಿದ್ದ: ಇಲ್ಲಿ ಕಿಲೋ ಇಲ್ಲ ಪೌಂಡು, ಕಿಲೋಮೀಟರ್ ಇಲ್ಲ ಮೈಲು, ತಾರೀಕಿನಲ್ಲಿ ತಿಂಗಳು ಮೊದಲು ದಿನ ಆಮೇಲೆ, ಡಾಲರಿಗೆ ಎಷ್ಟು ರೂಪಾಯಿಯೆಂದು ಗುಣಿಸಿ ಗುಣಿಸಿ ಕೊತ್ತಂಬರಿ ಕೊಳ್ಳಲೂ ಮನಸ್ಸಾಗುವುದಿಲ್ಲ. ಮುತ್ಯಾ ಎಲ್ಲವನ್ನೂ ಶಾಂತವಾಗಿ ಕೇಳಿ, “ಡಾಲರ್ ಒಂದs ತರದ್ದು ಅದ, ಇಲ್ಲಾ ಎರಡು ತರದ್ದು ಅವ?” ಎಂದ. ಒಂದೇ ಎಂದು ತಮ್ಮ ಹೇಳಿದ. “ಮತ್ತ್ಯಾಕ ಅಳ್ತಿ?”

ಹೋದ ತಿಂಗಳು ನನ್ನ ತಮ್ಮ, ಮುತ್ಯಾ ಆಯಿಯರನ್ನು ಕರೆಸಿಕೊಳ್ಳಬೇಕೆಂದು ವೀಸಾ ಅರ್ಜಿ ತುಂಬಲು ಕೂತ. ಕಂಪ್ಯೂಟರಿನ ಈಚೆ ನಾನು, ಫೋನಿನಲ್ಲಿ ಅವನು, ಕಟ್ಟೆಯ ಮೇಲೆ ಮುತ್ಯಾ. ಹುಟ್ಟಿದ ತಾರೀಕು ಜನವರಿ 1 ಎಂಬಲ್ಲಿಗೆ ತಕರಾರಿರಲಿಲ್ಲ. ಹುಟ್ಟಿದ ದೇಶ ಎಂಬಲ್ಲಿ ನಾನು ಭಾರತ ಎಂದು ಒತ್ತಲು ಹೋದೆ.

“ನಾ ಹುಟ್ಟಿದ್ದು ನಿಜಾಮನ ರಾಜ್ಯದಾಗ,” ಎಂದ ಮುತ್ಯಾ. “ಸರ್ಕಾರಿ ಕಾಗದದಾಗ ಸುಳ್ಳ ಬರಿಬ್ಯಾಡ ತಮ್ಮಾ. ಖರೇ ಏನದ ಅದು ಬರಿ.”

ಬರೆಯುವಂತಿಲ್ಲ ಮುತ್ಯಾ, ಇದ್ದ ಪಟ್ಟಿಯಲ್ಲಿ ಆರಿಸಬೇಕು ಎಂದೆ. ನೋಡು ಮತ್ತೆ ಎಂದ. ಇಂಗ್ಲಿಷ್ ಅಕ್ಷರದ ಸಾಲು ಹಿಡಿದು ಜೋರಾಗಿ ಓದುತ್ತ ಇಳಿದೆ: ಹೈತಿ, ಹೊಂಡುರಾಸ್, ಹಾಂಗ್‌ಕಾಂಗ್, ಹಂಗೇರಿ. ಅದರ ಕೆಳಗೆ ನೇರ ಐಸ್‌ಲ್ಯಾಂಡು.

“ಹಂಗೇರಿಗೂ ಅದಕ್ಕೂ ನಡಬರ್ಕ ಸ್ವಲ್ಪ ಜಾಗ ಅದ ಏನು?”

ಒಂದು ಗೆರೆಯಷ್ಟು ಇದೆ ಎಂದೆ.

“ಹಾಂ, ಅಲ್ಲೇ ಇತ್ತು,” ಎಂದು ಮುತ್ಯಾ ಎಲೆಯಡಿಕೆ ಚೀಲ ಬಿಚ್ಚಿದ. ನ್ಯಾಲ್ಕಲ್ಲೂ ಅದೇ ಗೆರೆಯಲ್ಲಿ ಬರುತ್ತದೋ ಬೇರೆ ನೋಡಬೇಕೋ ಎಂದು ಆಯಿ ಒಳಗಿನಿಂದ ಕೇಳಿದಳು.