‘ನನ್ನ ಮೈಮೇಲೆ ಒಬ್ಬರೂ ಪೂರ್ತಿ ಹಾರಿಲ್ಲ!’

ಭೂಗೋಳದ ಮೇಲೆ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ದಾರ ಕಟ್ಟಿ ಬಿಗಿದರೆ ಮೂಡುವ ಗೆರೆಯೇ ಇಂದಿನ ಅತಿಥಿ. ಗಣಿತದವರು ಮಹಾವೃತ್ತದ ತುಂಡು ಎನ್ನುತ್ತಾರೆ. ತುಂಡು ಎಂದರೆ ಇವರಿಗೆ ಸಿಟ್ಟು.

ತಮ್ಮ ಉದ್ದ?

14,000 ಕಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ವಯಸ್ಸು ಕೇಳಬೇಡಿ.

ಹೋಗುವುದು ಪೆಸಿಫಿಕ್ ಮೇಲೋ, ಅಟ್ಲಾಂಟಿಕ್ ಮೇಲೋ?

ಗೋಡೆಯ ನಕ್ಷೆ ನೋಡಿಕೊಂಡು ಬಂದಿರಾ? ದೇವನಹಳ್ಳಿಯಿಂದ ನಾನು ಹೊರಡುವುದೇ ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ. ಅನ್ನಪೂರ್ಣ ಪರ್ವತದ ಆಸುಪಾಸು ನೇಪಾಳ ದಾಟಿ ಟಿಬೆಟ್, ಮಂಗೋಲಿಯಾ, ಸೈಬೀರಿಯಾ. ಆರ್ಕ್ಟಿಕ್ ಅಂಚಿನಲ್ಲಿ ಮೂಗು ಮರಗಟ್ಟಿದ ಮೇಲೆ ಅಲಾಸ್ಕಾ ಕಡೆಗೆ ಇಳಿಜಾರು. ಪೆಸಿಫಿಕ್ ಸಿಗುವುದು ಕೊನೆಗೆ.

ವಿಮಾನಗಳೂ ಹಾಗೇ ಹೋಗುತ್ತವಲ್ಲ?

ಎಲ್ಲಿ ಹೋಗುತ್ತವೆ ಸ್ವಾಮಿ! ಟಿಬೆಟ್ ಎಂದರೆ ಪೈಲಟ್‌ಗಳು ಮಾರುದೂರ. ಕ್ಯಾಬಿನ್ನಿನ ಗಾಳಿಯೊತ್ತಡ ಕೈಕೊಟ್ಟರೆ ಸರಸರನೆ 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಸರಾಸರಿ 15,000 ಅಡಿ ಮೇಲಿದೆ. ತಲೆಮೇಲಿಂದ ಜೋತುಬೀಳುವ ಮುಖವಾಡದಲ್ಲಿ ಆಮ್ಲಜನಕ ಇರುವುದು ಕಾಲು ಗಂಟೆಗೆ. ಟಿಬೆಟ್ ದಾಟಿತು ಅಂದುಕೊಳ್ಳಿ, ಮುಂದೆ ರಾಜಕೀಯ. 2022ರಿಂದ ರಷ್ಯಾದ ಆಕಾಶಕ್ಕೆ ಅಮೆರಿಕದ ವಿಮಾನಗಳಿಗೆ ಪ್ರವೇಶವಿಲ್ಲ. ಆಕಾಶಕ್ಕೂ ಬೇಲಿ ಹಾಕಿ ಬೀಗ ಜಡಿಯುವ ಜನ ನೀವು. ಗೆರೆ ಎಳೆದದ್ದು ಮಾತ್ರ ನನ್ನ ತಪ್ಪು!

2021ರ ಜನವರಿಯಲ್ಲಿ ಮೊದಲ ನೇರ ವಿಮಾನ ಬಂತಲ್ಲ?

ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ಪೈಲಟ್‌ಗಳ ತಂಡ. ಹೆಮ್ಮೆಯೇ. ಆದರೆ ಬಂದದ್ದು ಉತ್ತರ ಧ್ರುವದ ಮೇಲಿಂದ, ಸುಮಾರು 16,000 ಕಿ.ಮೀ. 9ರ ರಾತ್ರಿ ಹತ್ತಿ 11ರ ನಸುಕಿಗೆ ಇಳಿದರು. ಪತ್ರಿಕೆಯವರು ‘ನೇರ’ ಎಂದು ಬರೆದಿರಿ. ನೇರ ನಾನಲ್ಲವೇ?

ದೂರ ಒಂದೇ, ಆದರೂ ಹೋಗುವ ಹೊತ್ತೇ ಬೇರೆ, ಬರುವ ಹೊತ್ತೇ ಬೇರೆ. ಯಾಕೆ?

ಜೆಟ್ ಸ್ಟ್ರೀಮ್ ಎಂಬ ಪುಂಡ ಗಾಳಿ. ಪಡುವಣದಿಂದ ಮೂಡಣಕ್ಕೆ ಬೀಸುತ್ತದೆ, ಚಳಿಗಾಲದಲ್ಲಿ ಗಂಟೆಗೆ 200 ಕಿ.ಮೀ. ಮೀರುವುದೂ ಉಂಟು. ಅದು ಬೆನ್ನಿಗಿದ್ದರೆ ಸುತ್ತುದಾರಿಯೇ ಬೇಗ. ಎದುರಿಗಿದ್ದರೆ ತಪ್ಪಿಸಿಕೊಳ್ಳಲು ಸುತ್ತಬೇಕು. ಒಟ್ಟಿನಲ್ಲಿ ಮೂಲೆಗೆ ಬೀಳುವವನು ನಾನೇ.

ಟಿಕೆಟ್ಟಿನಲ್ಲಿ ಬರೆದ ಗಂಟೆಗಳನ್ನಾದರೂ ನಂಬಬಹುದೇ?

ಅದರಲ್ಲಿ ವಿಮಾನ ನೆಲದ ಮೇಲೆ ತೆವಳುವ ಹೊತ್ತೂ ಸೇರಿದೆ. ತಡವಾದೀತು ಎಂಬ ಭಯಕ್ಕೆ ಇನ್ನಷ್ಟು ನಿಮಿಷ ತುರುಕಿರುತ್ತಾರೆ. ಆಮೇಲೆ ‘ನಿಗದಿಗಿಂತ 20 ನಿಮಿಷ ಮೊದಲೇ ತಲುಪಿದ್ದೇವೆ’ ಎಂಬ ಘೋಷಣೆ, ನಿಮ್ಮ ಚಪ್ಪಾಳೆ. ಪರೀಕ್ಷೆಗೆ ಮುಂಚೆ ಪ್ರಶ್ನೆಪತ್ರಿಕೆ ಕೈಸೇರಿದವನ ಪ್ರಥಮ ದರ್ಜೆ ಅದು.

ಯಾರೂ ಹಾರದ ಮೇಲೆ ತಮ್ಮಿಂದ ಉಪಯೋಗ?

ಉಂಟಲ್ಲ! ದೂರ ನೋಡಿ ಪ್ರಯಾಣಿಕರಿಗೆ ಪಾಯಿಂಟ್ ಕೊಡುವ ವಿಮಾನ ಕಂಪನಿಗಳಿಗೆ ಆಗ ನಾನೇ ಬೇಕು. ನಿಮ್ಮನ್ನು 16,000 ಸುತ್ತಿಸಿದರೂ ಖಾತೆಗೆ ಬರೆಯುವುದು ನನ್ನ 14,000 ಮಾತ್ರ.