ಸೌರಫಲಕ ಪ್ರಕ್ಷಾಲನ ಮೀಮಾಂಸೆ

ತಾರಸಿಯ ಮೇಲಿನ ಸೋಲಾರ್ ಪ್ಲೇಟನ್ನು ಒರೆಸಬೇಕೇ, ಒರೆಸುವುದಾದರೆ ಯಾವಾಗ, ಯಾವ ನೀರಿನಲ್ಲಿ, ಎಲ್ಲಕ್ಕಿಂತ ಮುಖ್ಯವಾಗಿ ಯಾರು ಎಂಬ ಪ್ರಶ್ನೆಗಳ ಸುತ್ತ ಬೆಂಗಳೂರಿನ 30×40 ಸೈಟುಗಳಲ್ಲಿ ಬೆಳೆದುಬಂದ ವಾದಪರಂಪರೆ ಇದುವರೆಗೆ ಬರಹಕ್ಕೆ ಇಳಿದಿಲ್ಲ. ಅದು ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಮೆಟ್ಟಿಲ ಬುಡಕ್ಕೆ ಬಾಯಿಂದ ಬಾಯಿಗೆ ಹರಿದು, ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟಿದೆ. ಆ ಕೊರತೆಯನ್ನು ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಪೂರ್ವಸೂರಿಗಳ ಮತಗಳನ್ನೆಲ್ಲ ಪ್ರಬಂಧಕಾರರು ಸೋಫಾದ ಮೇಲೆ ಕುಳಿತೇ ಸಂಗ್ರಹಿಸಿದ್ದಾರೆ. ಕ್ಷೇತ್ರಕಾರ್ಯಕ್ಕೆ ಏಣಿ ಬೇಕು. ಏಣಿಯನ್ನು ಎದುರುಮನೆಯವರು ಒಯ್ದಿದ್ದಾರೆ.

ಪ್ರಾಚೀನತೆ ಸ್ಥಾಪಿಸದೆ ಯಾವ ಶಾಸ್ತ್ರವೂ ಶಾಸ್ತ್ರವೆನಿಸದು. ಬೆಳಕು ಬಿದ್ದರೆ ವಿದ್ಯುತ್ತು ಹುಟ್ಟುತ್ತದೆಂದು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲೇ ಕಂಡಿದ್ದ. ಕೆಲಸಕ್ಕೆ ಬರುವಂಥ ಸಿಲಿಕಾನ್ ಸೆಲ್ಲು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ತಯಾರಾದದ್ದು 1954ರಲ್ಲಿ. ಬಿದ್ದ ಬಿಸಿಲಲ್ಲಿ ನೂರಕ್ಕೆ ಆರು ಪಾಲು ಕರೆಂಟಾಯಿತೆಂಬುದೇ ಆಗ ದೊಡ್ಡ ಸುದ್ದಿ. ನಮ್ಮ ಬಡಾವಣೆಗೆ ಆ ಸುದ್ದಿ ತಲುಪಿದ್ದು 2024ರಲ್ಲಿ, ಪಿಎಂ ಸೂರ್ಯಘರ್ ಯೋಜನೆಯ ರೂಪದಲ್ಲಿ: 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಸಬ್ಸಿಡಿ ಬೀಳುವುದು ಯಜಮಾನರ ಖಾತೆಗೆ, ಏಣಿ ಹತ್ತುವವನ ಖಾತೆಗಲ್ಲ ಎಂಬುದನ್ನು ಓದುಗರು ಇಲ್ಲೇ ಗುರುತು ಹಾಕಿಕೊಳ್ಳತಕ್ಕದ್ದು. ಮುಂದೆ ಬರುವ ಮತಭೇದಗಳೆಲ್ಲ ಇದರ ಸಂತಾನ. 200 ಯೂನಿಟ್‌ವರೆಗೆ ಸರ್ಕಾರವೇ ಬಿಟ್ಟಿ ಕೊಡುವಾಗ ಪ್ಲೇಟೇ ಯಾಕೆ ಎನ್ನುವ ಗೃಹಜ್ಯೋತಿ ಪಂಥದವರು ಈ ದರ್ಶನದ ಚಾರ್ವಾಕರು. ಅವರಿಗೆ ತಕ್ಕ ಉತ್ತರ ಕೊಟ್ಟವರಿಲ್ಲವಾದ್ದರಿಂದ ಅವರ ವಿಚಾರ ಇಲ್ಲಿಗೆ ಸಾಕು.

ಇರುವ ಮತಗಳಲ್ಲಿ ಅತ್ಯಂತ ಜನಪ್ರಿಯವಾದದ್ದು ವರ್ಷವಾದ. “ಮಳೆ ಬಂದ್ರೆ ತಾನೇ ತೊಳ್ಕೊಂಡ್ ಹೋಗುತ್ತೆ ಬಿಡಿ ಸಾರ್” ಎಂಬುದು ಇದರ ಮೂಲಸೂತ್ರ; ಫಿಟಿಂಗಿಗೆ ಬಂದ ಹುಡುಗ ಕಾಫಿ ಲೋಟ ಕೆಳಗಿಡುತ್ತಾ ಇದನ್ನು ಉಪದೇಶಿಸಿದನೆಂದು ಪ್ರತೀತಿ. ಮುಂಗಾರಿನ ಜಡಿಮಳೆಯ ಮಟ್ಟಿಗೆ ಸೂತ್ರ ನಿಜವೇ. ಆದರೆ ಏಪ್ರಿಲಿನಲ್ಲಿ ಗುಡುಗಿ, ನಾಲ್ಕು ಹನಿ ಉದುರಿಸಿ ಹೋಗುವ ಮಳೆ ಇದೆಯಲ್ಲ, ಅದು ತೊಳೆಯುವುದಿಲ್ಲ, ಕಲಸುತ್ತದೆ. ರಸ್ತೆ ಅಗೆದ ಧೂಳು ಆ ಹನಿಗೆ ಚುಕ್ಕಿ ಚುಕ್ಕಿ ರಾಡಿಯಾಗಿ, ಮಾರನೆಯ ಬಿಸಿಲಿಗೆ ಗಾಜಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ತೊಡಕು ಭೂಗೋಳದ್ದು. ಬೆಂಗಳೂರು 13 ಡಿಗ್ರಿ ಅಕ್ಷಾಂಶದ ಊರಾದ್ದರಿಂದ ಇಲ್ಲಿ ಪ್ಲೇಟನ್ನು ದಕ್ಷಿಣಕ್ಕೆ ಮುಖ ಮಾಡಿ ಹತ್ತು ಹದಿನೈದು ಡಿಗ್ರಿಯಷ್ಟು ಮಾತ್ರ ಓರೆ ಇಡುತ್ತಾರೆ. (ಏಪ್ರಿಲ್ 24ರ ಸುಮಾರಿನಿಂದ ಆಗಸ್ಟ್ 18ರ ಸುಮಾರಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಅಂದರೆ ಅಷ್ಟೂ ದಿನ ನಮ್ಮ ಪ್ಲೇಟುಗಳು ಅವನಿಗೆ ಕೊಂಚ ಭುಜ ತಿರುಗಿಸಿಯೇ ಕೂತಿರುತ್ತವೆ. ವಾಸ್ತುಪಂಡಿತರು ಇದಕ್ಕಿನ್ನೂ ದೋಷ ಹಚ್ಚದಿರುವುದು ಅಚ್ಚರಿ.) ಇಷ್ಟು ಸಣ್ಣ ಇಳಿಜಾರಿನಲ್ಲಿ ನೀರು ಪೂರ್ತಿ ಜಾರಿ ಹೋಗದೆ ಕೆಳ ಅಂಚಿನ ಅಲ್ಯೂಮಿನಿಯಂ ಫ್ರೇಮಿಗೆ ತಡೆದು ನಿಲ್ಲುತ್ತದೆ. ಅದು ಆರಿದ ಮೇಲೆ ಅಲ್ಲಿ ಎರಡು ಬೆರಳಗಲದ ಕೆಸರಿನ ಗೆರೆ.

ಈ ಗೆರೆಯನ್ನು ಅಲ್ಪವೆನ್ನುವವರಿಗೆ ಪ್ಲೇಟಿನೊಳಗಿನ ಕುಟುಂಬವ್ಯವಸ್ಥೆ ಗೊತ್ತಿಲ್ಲ. ಮಾಮೂಲಿ ಪ್ಲೇಟಿನಲ್ಲಿ 60 ಅಥವಾ 72 ಸೆಲ್ಲುಗಳು ಒಂದೇ ಸರಣಿಯಲ್ಲಿರುತ್ತವೆ. ಮದುವೆ ದಿಬ್ಬಣದಲ್ಲಿ ಮಂಡಿನೋವಿನ ಸೋದರತ್ತೆ ಎಷ್ಟು ಬೇಗ ನಡೆಯುತ್ತಾರೋ ವಾಲಗದವರೂ ಅಷ್ಟೇ ಬೇಗ ನಡೆಯಬೇಕು. ಹಾಗೆ ಒಂದು ಸೆಲ್ಲಿಗೆ ಮಂಕು ಕವಿದರೆ ಇಡೀ ಸಾಲಿನ ಕರೆಂಟು ಅದರ ಲೆಕ್ಕಕ್ಕೆ ಇಳಿಯುತ್ತದೆ. ಅಷ್ಟೇ ಅಲ್ಲ, ಮಂಕಾದ ಸೆಲ್ಲು ಕರೆಂಟು ಕೊಡುವ ಬದಲು ನುಂಗಿ ಕಾಯತೊಡಗುತ್ತದೆ. ಕೆಲವು ಪ್ಲೇಟುಗಳ ಗಾಜಿನ ಹಿಂದೆ ಕಂದು ಕಲೆ ಬೀಳುವುದು ಹೀಗೆ. ಇದನ್ನು ತಪ್ಪಿಸಲೆಂದೇ ಸೆಲ್ಲುಗಳನ್ನು ಮೂರು ಗುಂಪು ಮಾಡಿ, ಗುಂಪಿಗೊಂದು ಬೈಪಾಸ್ ಡಯೋಡ್ ಇಟ್ಟಿದ್ದಾರೆ. ಸೋತ ಗುಂಪನ್ನು ಬದಿಗಿಟ್ಟು ಉಳಿದೆರಡು ಮುಂದೆ ಸಾಗುತ್ತವೆ. ಪ್ಲೇಟನ್ನು ಉದ್ದಕ್ಕೆ ನಿಲ್ಲಿಸಿದ್ದರೆ ಗುಂಪುಗಳೂ ಮೇಲಿಂದ ಕೆಳಕ್ಕೆ ಉದ್ದಕ್ಕೇ ಇರುತ್ತವೆ. ಆಗ ಕೆಳ ಅಂಚಿನ ಕೆಸರು ಮೂರೂ ಗುಂಪುಗಳ ಕಾಲನ್ನು ಒಟ್ಟಿಗೆ ಹಿಡಿಯುತ್ತದೆ. ಅಡ್ಡಕ್ಕೆ ಮಲಗಿಸಿದ್ದರೆ ಒಂದು ಗುಂಪಷ್ಟೇ ಕೆಟ್ಟೀತು. ಈಚಿನ ಅರ್ಧಸೆಲ್ಲಿನ ಪ್ಲೇಟುಗಳಲ್ಲಾದರೆ ಮೇಲರ್ಧ ಬಚಾವು. ಚರ್ಚೆ ಈ ಘಟ್ಟಕ್ಕೆ ಬಂದಾಗ ವರ್ಷವಾದಿಗಳು ಕ್ರಿಕೆಟ್ ಸ್ಕೋರು ಕೇಳುತ್ತಾರೆ.

ಆದರೂ ವರ್ಷವಾದಕ್ಕೆ ಕೊನೆಯ ಪೆಟ್ಟು ಕೊಟ್ಟದ್ದು ಪಾರಿವಾಳ. ಪ್ಲೇಟಿನ ಅಡಿಯ ನೆರಳಲ್ಲಿ ಗೂಡು, ಮೇಲಿನ ಅಂಚಿನಲ್ಲಿ ಬೈಠಕ್ಕು, ಗಾಜಿನ ಮೇಲೆ ಉಳಿದ ವ್ಯವಹಾರ. ಹಿಕ್ಕೆಯ ಬಿಳಿಭಾಗ ಬಹುಪಾಲು ಯೂರಿಕ್ ಆಮ್ಲ. ಅದು ನೀರಿಗೆ ಕರಗುವ ಜಾತಿಯಲ್ಲ. ಆರಿದ್ರಾ ಮಳೆ ಪೂರ್ತಿ ಹುಯ್ದರೂ ಅಂಚು ಸವೆದೀತು, ನಡು ಅಲುಗದು. ಧೂಳು ಎಲ್ಲ ಸೆಲ್ಲುಗಳ ಮೇಲೂ ಸಮನಾಗಿ ಹರಡಿದರೆ, ಇದು ಒಂದೇ ಸೆಲ್ಲನ್ನು ಹುಡುಕಿಕೊಂಡು ಬೀಳುತ್ತದೆ. ವಿದ್ವಾಂಸರು ಇದನ್ನು ಕೀಳು ವಿಷಯವೆಂದು ಮೂಗು ಮುಚ್ಚಬಾರದು. ಸಿಲಿಕಾನ್ ಸೆಲ್ಲು ಕೊಟ್ಟ ಅದೇ ಬೆಲ್ ಲ್ಯಾಬ್ಸ್‌ನಲ್ಲಿ, ಅದಾಗಿ ಹತ್ತು ವರ್ಷಕ್ಕೆ, ಆರ್ನೊ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಎಂಬಿಬ್ಬರು ತಮ್ಮ ದೊಡ್ಡ ಆಂಟೆನಾದಲ್ಲಿ ಬಿಡದೆ ಕಾಡುತ್ತಿದ್ದ ಗೊರಗೊರಕ್ಕೆ ಪಾರಿವಾಳದ ಹಿಕ್ಕೆ ಕಾರಣವಿರಬಹುದೆಂದು ಅದನ್ನು ತೆಗೆದು ಶುಚಿ ಮಾಡಿದರು. ಗೊರಗೊರ ಹೋಗಲಿಲ್ಲ, ಅದು ವಿಶ್ವದ ಆದಿಕಾಲದಿಂದ ಉಳಿದುಬಂದ ವಿಕಿರಣವೆಂದು ತಿಳಿದು, 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮನೆಯ ಪಿಯುಸಿ ಹುಡುಗನ ಕೈಗೆ ಬಕೆಟ್ಟು ಕೊಡುವಾಗ ಈ ದೃಷ್ಟಾಂತವನ್ನು ಹೇಳಲಾಯಿತು. “ಹಂಗಾದ್ರೆ ನೀವೇ ಹೋಗಿ ಒಂದು ನೊಬೆಲ್ ತಗೊಂಡ್ ಬನ್ನಿ ಅಪ್ಪಾ” ಎಂಬ ಅವನ ಉತ್ತರದಲ್ಲಿ ತರ್ಕದೋಷವೇನೂ ಕಾಣುವುದಿಲ್ಲ.

ಮೇಲೆ ಕೊಳೆಯಿದೆ ಎಂಬುದಕ್ಕಾದರೂ ಪ್ರಮಾಣವೇನು? ಮೇಲೆ ಹೋಗಿ ನೋಡುವುದು ಪ್ರತ್ಯಕ್ಷ. ಅದನ್ನು ಯಾರೂ ಮಾಡುವುದಿಲ್ಲ. ಮಂಚದಲ್ಲಿ ಮಲಗಿ ಇನ್ವರ್ಟರ್ ಆ್ಯಪ್ ನೋಡುವುದು ಅನುಮಾನ. ಒಳ್ಳೆ ಬಿಸಿಲಿದ್ದರೆ 3 ಕಿಲೋವ್ಯಾಟಿಗೆ ದಿನಕ್ಕೆ 12 ಯೂನಿಟ್ ಸುಮಾರಿಗೆ ಬರುತ್ತದೆ. ಒಂದು ಬೇಸಿಗೆ ಅದು ದಿನವೂ ಹತ್ತರಿಂದ ಮೂರು ಗಂಟೆಯ ಹೊತ್ತಿಗೆ ಸರಿಯಾಗಿ ಕುಸಿಯತೊಡಗಿತು. ಮೋಡವಿಲ್ಲ. ಪಕ್ಕದವರು ಎಬ್ಬಿಸಿದ ಮೂರನೇ ಫ್ಲೋರೇ ಕಾರಣವೆಂಬ ಹೇತು ಎಲ್ಲರಿಗೂ ಹಿತವಾಗಿತ್ತು. ಕಡೆಗೆ ತಿಳಿದದ್ದು: ಏಣಿ ಬೇಡದ ಕೆಳಸಾಲಿನ ಎರಡು ಪ್ಲೇಟುಗಳ ಮೇಲೆ ಹಳೇ ಪಂಚೆ ಹಾಸಿ ಅಜ್ಜಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಕಾದ ಗಾಜು, ಇರುವೆಯ ಕಾಟವಿಲ್ಲ, ಒಂದೇ ದಿನಕ್ಕೆ ಗರಿಗರಿ. “ವರ್ಷವೆಲ್ಲ ನಿನ್ನ ಕರೆಂಟಿಗೆ ಬಿಟ್ಟಿಲ್ವೇನೋ, ಒಂದು ವಾರ ನನ್ನ ಸಂಡಿಗೆಗೆ ಬಿಡು” ಎಂದು ಅವರು ಮಗನಿಗೆ ಹೇಳಿದ್ದು ಈ ಶಾಸ್ತ್ರದಲ್ಲಿ ಸಂಡಿಗೆ ನ್ಯಾಯವೆಂದು ಪ್ರಸಿದ್ಧ. ಸೋತ ಪಕ್ಷದವರು ಆಗ ಲೆಕ್ಕಾಚಾರಕ್ಕೆ ಮೊರೆಹೋದರು. ಧೂಳಿನಿಂದ ನೂರಕ್ಕೆ ಐದು ನಷ್ಟವೆಂದೇ ಇಟ್ಟುಕೊಂಡರೂ 12 ಯೂನಿಟ್ಟಿಗೆ ಆಗುವುದು 0.6 ಯೂನಿಟ್. ಒರೆಸಬೇಕೋ ಬೇಡವೋ ಎಂದು 75 ವ್ಯಾಟಿನ ಫ್ಯಾನಿನಡಿ ಎಂಟು ಗಂಟೆ ಚರ್ಚಿಸಿದರೂ ಅಷ್ಟೇ ಆಗುತ್ತದೆ.

ಜಲವಿವೇಕದ ವಿಷಯದಲ್ಲಿ ಮನೆಗೊಬ್ಬ ಪಂಡಿತರು. ಬೋರ್‌ವೆಲ್ ನೀರು ಕೈಗೆ ಸುಲಭ. ಆದರೆ ಅದರ ಗಡಸು ಎಂಥದೆಂದು ಗೀಸರ್ ಕಾಯಿಲ್ ಬಿಚ್ಚಿ ನೋಡಿದವರು ಬಲ್ಲರು. ನೀರು ಆವಿಯಾಗಿ ಕ್ಯಾಲ್ಶಿಯಂ, ಮೆಗ್ನೀಶಿಯಂ ಲವಣಗಳು ಗಾಜಿನ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತವೆ. ಧೂಳಾದರೆ ಗಾಳಿಗೆ ಹಾರೀತು, ಪೊರೆ ಹಾರದು. ಇಲ್ಲಿ ಮಿತವ್ಯಯ ಪಂಥದ ಕೊಡುಗೆಯನ್ನು ನೆನೆಯಲೇಬೇಕು: ಆರ್‌ಓ ಫಿಲ್ಟರಿನ ವೇಸ್ಟ್ ನೀರನ್ನು ಬಕೆಟ್ಟಿಗೆ ಹಿಡಿದಿಟ್ಟು ಪ್ಲೇಟಿಗೆ ಹುಯ್ಯುವ ಪದ್ಧತಿ ಅವರದು. ಕುಡಿಯುವ ನೀರಿನಿಂದ ಫಿಲ್ಟರು ತೆಗೆದ ಉಪ್ಪೆಲ್ಲ ಇರುವುದು ಆ ಬಕೆಟ್ಟಿನಲ್ಲೇ. ತಮ್ಮ ಹೊಟ್ಟೆಗೆ ಬೇಡವೆಂದದ್ದನ್ನು ಸೂರ್ಯನಿಗೆ ನೈವೇದ್ಯ ಮಾಡುವ ಈ ಕ್ರಮ ಭಕ್ತಿಯ ದೃಷ್ಟಿಯಿಂದ ವಿಚಾರಾರ್ಹ. ಇನ್ನು ಕಾವೇರಿ ನೀರು. 2024ರ ಮಾರ್ಚಿನ ಬರಗಾಲದಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿತ್ತು. ಪ್ಲೇಟು ಕಾರಿನ ವರ್ಗಕ್ಕೆ ಸೇರುತ್ತದೋ ಪಾತ್ರೆಯ ವರ್ಗಕ್ಕೋ ಎಂಬುದು ಇತ್ಯರ್ಥವಾಗದೆ ಆ ಬೇಸಿಗೆ ನಮ್ಮ ಬೀದಿಯಲ್ಲಿ ಯಾರೂ ಒರೆಸುವ ಗೋಜಿಗೆ ಹೋಗಲಿಲ್ಲ. ಅದು ವರ್ಷವಾದದ ಸುವರ್ಣಯುಗ. ಉಳಿಯಿತು ಮಳೆಕೊಯ್ಲಿನ ಡ್ರಮ್ಮು. ಅದರಲ್ಲಿ ಲವಣ ನಾಮಮಾತ್ರ. ಹೀಗೆ, ಮಳೆಯೇ ತೊಳೆಯುತ್ತದೆಂಬ ವಾದ ಸೋತರೂ ಮಳೆನೀರಲ್ಲಿ ತೊಳೆಯಬಹುದೆಂಬ ಉಪವಾದ ಗೆದ್ದಿತು. ಪಾತ್ರೆ ಸೋಪು, ತಂತಿಬ್ರಷ್ಷು, ಕಾರು ತೊಳೆಯುವ ಪ್ರೆಶರ್ ಪಂಪು ಮೂರೂ ನಿಷಿದ್ಧ. ಮೆತ್ತನೆಯ ಮಾಪು, ಉದ್ದ ಕೋಲು ಸಾಕು. ಪ್ಲೇಟಿನ ಮೇಲೆ ಕಾಲಿಟ್ಟು ಒರೆಸಬಹುದೆಂಬುದು ಅಪಮತ. 25 ಮಿಲಿಮೀಟರ್ ಗಾತ್ರದ ಮಂಜುಗಡ್ಡೆಯ ಗುಂಡನ್ನು ಗಂಟೆಗೆ 80 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಹೊಡೆದು ಪರೀಕ್ಷಿಸಿದ ಗಾಜು ಅದು, ನಿಜ. ಆದರೆ ಮೇಲೆ ಮನುಷ್ಯ ನಿಂತರೆ ಗಾಜಿಗೆ ಏನೂ ಆಗದೆ ಒಳಗಿನ ಸೆಲ್ಲಿಗೆ ಕಣ್ಣಿಗೆ ಕಾಣದ ಕೂದಲುಬಿರುಕು ಬೀಳುತ್ತದೆ.

ಕಾಲನಿರ್ಣಯ ಎಲ್ಲಕ್ಕಿಂತ ಸೂಕ್ಷ್ಮ. ಮಧ್ಯಾಹ್ನ ಕೂಡದು. ಬೇಸಿಗೆಯ ನಡುಹಗಲು ಪ್ಲೇಟು 60 ಡಿಗ್ರಿಗೆ ಏರಿರುತ್ತದೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕಿನ ಭಯ. (ಬಿಸಿಲು ಸುಟ್ಟಷ್ಟೂ ಕರೆಂಟು ಜಾಸ್ತಿ ಎಂಬುದು ಬರೀ ಲೋಕಾಭಿಪ್ರಾಯ. ಪ್ಲೇಟಿನ ಮೇಲೆ ಬರೆದ ವ್ಯಾಟು ಸೆಲ್ಲು 25 ಡಿಗ್ರಿಯಲ್ಲಿದ್ದಾಗಿನದು. ಅಲ್ಲಿಂದ ಮೇಲೆ ಏರುವ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4 ಸೋರಿಹೋಗುತ್ತದೆ.) ಮೇಲಾಗಿ ಮೇನ್ ಸ್ವಿಚ್ ಆರಿಸಬಹುದು, ಸೂರ್ಯನನ್ನು ಆರಿಸಲಾಗದು. ಎಂಟು ಹತ್ತು ಪ್ಲೇಟಿನ ಸಾಲಿನಲ್ಲಿ 300 ವೋಲ್ಟಿನ ಆಸುಪಾಸು ಡೀಸಿ ಹಗಲಿಡೀ ಹೊಂಚುತ್ತಿರುತ್ತದೆ; ಅಳಿಲು ಕಡಿದ ವೈರಿಗೆ ಒದ್ದೆ ಕೈ ತಾಗಿದರೆ ಮೀಮಾಂಸೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಬೆಳಗಿನ ಏಳರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ವಾರದ ದಿನಗಳ ಬೆಳಗ್ಗೆ ಸ್ಕೂಲ್ ವ್ಯಾನು, ಡಬ್ಬಿ. ಭಾನುವಾರ ಬೆಳಗಿನ ಏಳರೊಳಗು ಎಂಬ ಕಾಲ ಪಂಚಾಂಗದಲ್ಲಿದೆ, ಮನೆಯಲ್ಲಿಲ್ಲ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು ರಾಹುಕಾಲ. ಆರರ ಮೇಲೆ ಕತ್ತಲು. ರಾಹುಕಾಲ ನೋಡದೆ ಷೇರು ಕೊಳ್ಳುವ, ಮಗಳ ಕಾಲೇಜು ಫೀಸು ಕಟ್ಟುವ ಯಜಮಾನರು ಈ ಒಂದು ಕರ್ಮದಲ್ಲಿ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ.

ಹೀಗೆ ಎಲ್ಲ ಮುಹೂರ್ತಗಳೂ ಬಿದ್ದುಹೋಗಿ ಮಿಕ್ಕದ್ದು ವರ್ಷಕ್ಕೊಂದೇ ದಿನ, ಆಯುಧಪೂಜೆ. ಅಂದು ಸ್ಕೂಟರಿನಿಂದ ಮಿಕ್ಸಿವರೆಗೆ ತೊಳೆಸಿಕೊಳ್ಳದ ಯಂತ್ರವಿಲ್ಲ. ಮನೆಮಂದಿಯೆಲ್ಲ ಮೇಲೆ ಹತ್ತಿ, ಬೆಳಗಿನ ತಂಪಿನಲ್ಲಿ, ಮಳೆನೀರು ಮೆತ್ತನೆ ಮಾಪು ಹಿಡಿದು, ಶಾಸ್ತ್ರದ ಒಂದಕ್ಷರ ಬಿಡದೆ ಒರೆಸುತ್ತಾರೆ. ಗಾಜಿನಲ್ಲಿ ಮುಖ ಕಾಣುತ್ತದೆ. ಆಮೇಲೆ ಪ್ರತಿ ಪ್ಲೇಟಿಗೂ ಮೂರು ಬೆರಳಲ್ಲಿ ಅಡ್ಡಲಾಗಿ ದಪ್ಪನೆ ವಿಭೂತಿ, ನಡುವೆ ಕುಂಕುಮ, ಮೇಲಿಂದ ಇಳಿಬಿಟ್ಟ ಸೇವಂತಿಗೆ ಹಾರ. ಪ್ಲೇಟು ಉದ್ದಕ್ಕೆ ನಿಂತಿದ್ದರೆ, ಹಿಂದೆ ನಿರೂಪಿಸಿದ ಡಯೋಡ್ ಸಿದ್ಧಾಂತದ ಪ್ರಕಾರ ಈ ವಿಭೂತಿ ಮೂರೂ ಗುಂಪುಗಳಿಗೆ ಯಾವ ಪಕ್ಷಪಾತವೂ ಇಲ್ಲದೆ ಹಂಚಿಹೋಗುತ್ತದೆ. ಪ್ರಬಂಧಕಾರರು ಮಧ್ಯಮಮಾರ್ಗವೊಂದನ್ನು ಮುಂದಿಟ್ಟರು: ಹೂವು, ವಿಭೂತಿಯೆಲ್ಲ ಕೆಳಗೆ ಗೋಡೆಗೆ ತಗುಲಿಸಿದ ಇನ್ವರ್ಟರ್ ಡಬ್ಬಕ್ಕೆ, ಪ್ಲೇಟಿಗೆ ಬರೀ ಕೈಮುಗಿದರಾಯಿತು.

“ಬಿಸ್ಲಲ್ಲಿ ಬೇಯೋದು ಅದು, ನೆರಳಲ್ಲಿ ಕೂತಿರೋ ಡಬ್ಬಕ್ಕೆ ಹೂವಾ?” ಎಂದರು ಅಜ್ಜಿ.

ಈ ಆಕ್ಷೇಪಕ್ಕೆ ಸಮಾಧಾನವನ್ನು ಹುಡುಕಲಾಗುತ್ತಿದೆ.